ಆ ಡಿಕ್ಕಿ, ಈ ಡಿಕ್ಕಿ

ಜನವರಿ ೧೮

ಪುಟ್ಟೀ,

ಕಾಗದದ ಮೊದಲ ಸಾಲಿನಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕಂತೆ. ಬರೆಯುವುದಿಲ್ಲ. ಮಗಳು ಫೋನ್ ಎತ್ತದೆ ಇರುವಾಗ ಯಾವ ಅಪ್ಪ ಚೆನ್ನಾಗಿರುತ್ತಾನೆ? ಗುರುವಾರದಿಂದ ಒಂದೇ ಸಮ ಮಾಡುತ್ತಿದ್ದೇನೆ, ಸ್ವಿಚ್ ಆಫ್ ಅಂತಲೇ ಬರುತ್ತಿದೆ. ಕೊನೆಗೆ ನಿನ್ನ ಕ್ಲಿನಿಕ್‌ಗೆ ಮಾಡಿದೆ. ಆ ಹುಡುಗಿ, "ಮೇಡಂ ಚೆನ್ನಾಗಿದಾರೆ ಸರ್, ರಜೆ ಹಾಕಿದಾರೆ" ಎಂದು ಹೇಳಿ ಟಕ್ಕನೆ ಇಟ್ಟುಬಿಟ್ಟಳು. ಇಟ್ಟ ರೀತಿ ನನಗೆ ಸರಿ ಕಾಣಲಿಲ್ಲ. ಸರ್ವಿಸ್ ಪೂರ್ತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತವನು ನಾನು. ಯಾರು ಏನು ಮುಚ್ಚಿಡುತ್ತಿದ್ದಾರೆ ಎಂದು ರಿಸೀವರ್ ಇಡುವ ಸದ್ದಿನಲ್ಲೇ ಹೇಳಬಲ್ಲೆ.

ಮೂರನೇ ರಿಂಗಿಗೆ ಮುಂಚೆ ಎತ್ತಬೇಕು ಎಂದು ನಿನಗೆ ಅಕ್ಷರ ಕಲಿಸುವ ಮೊದಲೇ ಕಲಿಸಿದ್ದೆ. ಫೋನ್ ಹೊಡೆದುಕೊಂಡರೆ ನೀನು ಊಟದ ತಟ್ಟೆ ಬಿಟ್ಟು ಓಡುತ್ತಿದ್ದೆ, ನಿನ್ನಮ್ಮ ಬೈಯುತ್ತಿದ್ದಳು, ನಾನು ಬೀಗುತ್ತಿದ್ದೆ. ಅಂಥವಳು ಈಗ ಹೀಗೆ ಮಾಡಿದರೆ ಜೀವಕ್ಕೆ ಹೇಗಾಗಬೇಡ? ನಮ್ಮಕ್ಕ ಮಾತ್ರ, "ದೊಡ್ಡವಳಾಗಿದಾಳೆ, ಬಿಡೋ, ತಲೆ ತಿನ್ನಬೇಡ" ಎನ್ನುತ್ತಾಳೆ.

ಅಂದ ಹಾಗೆ ಕನ್ನಡಕ ಸಿಕ್ಕಿತು! ನಾವು ಕೊನೆಗೆ ಮಾತಾಡಿದ್ದು ಅದರ ವಿಷಯವೇ ಅಲ್ಲವೇ? ಭಾನುವಾರ ಬಂದಾಗ ನೀನೇ ಎಲ್ಲೋ ಎತ್ತಿಟ್ಟು ಹೋಗಿದ್ದೀಯ ಎಂದು ನಾನು ಜಗಳಕ್ಕೆ ನಿಂತಿದ್ದೆ. ನೀನು ನಗುತ್ತಾ "ಅಪ್ಪಾ, ಮೊದ್ಲು ನಿಮ್ಮ ಹಣೆ" ಎಂದೆ, ಅಷ್ಟಕ್ಕೇ ಲೈನ್ ಕಟ್ಟಾಯಿತು. ಹಣೆ ಮುಟ್ಟಿಕೊಂಡರೆ ಮಹಾರಾಯ ಅಲ್ಲೇ ಕೂತಿದ್ದಾನೆ! ಕೆಳಗಿನ ಲಾಂಡ್ರಿಯವನಿಗೆ ಹೇಳಿದೆ, ಅವನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಈಗ ಬಂದವರಿಗೆಲ್ಲ ಅದೇ ಕಥೆ ಹೇಳುತ್ತಿದ್ದೇನೆ.

ಫೋನ್ ಮಾಡು. ಇಲ್ಲದಿದ್ದರೆ ನಾಲ್ಕು ಸಾಲು ಬರೆ.

ಕಾಯುತ್ತಿರುವ,
ಅಪ್ಪ


ಜನವರಿ ೨೫

ಅಪ್ಪಾ,

ನಾನು ಹುಷಾರಾಗಿದ್ದೇನೆ. ಫೋನು ಡಿಕ್ಕಿಯಲ್ಲಿ ಹೋಯಿತು. ಕಾರು ಗ್ಯಾರೇಜಿನಲ್ಲಿದೆ. ಹೊಸ ಫೋನು ಸದ್ಯಕ್ಕೆ ತೆಗೆದುಕೊಳ್ಳುವುದಿಲ್ಲ. ಏನಿದ್ದರೂ ಕಾಗದ ಬರೆಯಿರಿ, ನನಗೂ ಅದೇ ಹಿತ. ಅತ್ತೆಗೆ ಮಂಡಿಯ ವ್ಯಾಯಾಮ ಬಿಡಬೇಡಿ ಎಂದು ಹೇಳಿ.

ನಿಮ್ಮ
ಪುಟ್ಟಿ


ಜನವರಿ ೩೧

ಪುಟ್ಟೀ,

ಕಾಗದ ಬಂತು, ಹೋದ ಜೀವ ಬಂದಂತಾಯಿತು. ಆದರೆ ಇದೇನಮ್ಮ ವಿಚಿತ್ರ? ಫೋನು ಡಿಕ್ಕಿಯಲ್ಲಿ ಹೋಯಿತು ಎಂದರೆ ಎಲ್ಲಿಗೆ ಹೋಯಿತು? ನಿನ್ನ ಕಾರಿನ ಡಿಕ್ಕಿಯೇನು ಸಮುದ್ರವೇ? ಆದರೂ ಅದರೊಳಗಿನ ಅವಾಂತರ ನಾನು ಕಂಡಿದ್ದೇನೆ. ಪೇಷಂಟುಗಳ ರಬ್ಬರ್ ಚೆಂಡು, ಚಾಪೆ, ಊರುಗೋಲು, ಹಳೇ ಚಪ್ಪಲಿ. ಸ್ಟೆಪ್ನಿ ಟೈರನ್ನು ಎತ್ತಿಸಿ ನೋಡು, ಅದರಡಿ ಜಾರಿರುತ್ತದೆ. ಜಾಕ್ ಇಡುವ ಸಂದಿಯಲ್ಲೂ ಕೈ ಹಾಕು. ಗ್ಯಾರೇಜಿನವನನ್ನು ಎದುರಿಗೇ ನಿಲ್ಲಿಸಿಕೊಂಡು ಡಿಕ್ಕಿ ತೆಗೆಸು. ಅವನ ಕಣ್ಣು ಹೇಗಿದೆಯೋ ಯಾರಿಗೆ ಗೊತ್ತು.

ಒಂದು ಫೋನು ಕಳೆದದ್ದಕ್ಕೆ ಇನ್ನೊಂದು ಬೇಡ ಎನ್ನುವ ವೈರಾಗ್ಯ ಯಾಕೆ ಬಂತು ಎಂದು ತಿಳಿಯಲಿಲ್ಲ. ಅಕ್ಕ ನಿನ್ನ ಕಾಗದವನ್ನು ಇಸಿದುಕೊಂಡು ಮತ್ತೊಮ್ಮೆ ಓದಿದಳು. ಓದಿ ಯಾಕೋ ಎದ್ದು ಒಳಗೆ ಹೋದಳು.

ಡಿಕ್ಕಿ ಹುಡುಕಿ ತಿಳಿಸು.

ನಿನ್ನ
ಅಪ್ಪ


ಫೆಬ್ರವರಿ ೭

ಅಪ್ಪಾ,

ಆ ಡಿಕ್ಕಿಯಲ್ಲ. ಈ ಡಿಕ್ಕಿ. ನಾನು ಕಾರಿನಲ್ಲಿ ಹೋಗುತ್ತಾ ಒಬ್ಬರಿಗೆ ಡಿಕ್ಕಿ ಹೊಡೆದೆ.

ಜಾಕಿನ ಸಂದಿಯಲ್ಲಿ ಕೈ ಹಾಕು ಎಂದು ನೀವು ಬರೆದದ್ದನ್ನು ಓದಿ ನಕ್ಕುಬಿಟ್ಟೆ. ಅಪಘಾತವಾದ ಮೇಲೆ ಅದೇ ಮೊದಲ ನಗು. ನಗು ಮುಗಿಯುವ ಮುಂಚೆಯೇ ಅಳು ಬಂತು. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಕೊಂಡೆ, ಕುಕ್ಕರ್ ಕೂಗುತ್ತಲೇ ಇತ್ತು.

ಬೇಕರಿಯ ತಿರುವಿನಲ್ಲಿ ಆಯಿತು. ಅವರು ಆ ಬೀದಿಯಲ್ಲೇ ಕಟಿಂಗ್ ಶಾಪ್ ಇಟ್ಟುಕೊಂಡಿದ್ದಾರೆ. ಫ್ಲಾಸ್ಕಿನಲ್ಲಿ ಚಹಾ ತುಂಬಿಸಿಕೊಂಡು ರಸ್ತೆ ದಾಟುತ್ತಿದ್ದರು. ಜೀವಕ್ಕೆ ಅಪಾಯವಿಲ್ಲ. ಬಲಗೈ ಮಣಿಕಟ್ಟು ಮುರಿದಿದೆ, ಹೆಬ್ಬೆರಳಿನ ಬುಡಕ್ಕೂ ಪೆಟ್ಟಾಗಿದೆ. ಕತ್ತರಿ ಹಿಡಿಯುವ ಕೈ, ಅಪ್ಪಾ. ಮುರಿದ ಕೈಗಳನ್ನು ಮತ್ತೆ ಆಡುವಂತೆ ಮಾಡುವುದೇ ನನ್ನ ಕೆಲಸ, ಎಂಥ ಕೈ ಮುರಿದೆ ನೋಡಿ.

ನಾನು ಫೋನಿನಲ್ಲಿದ್ದೆ. ಪಕ್ಕದ ಸೀಟಿನ ಮೇಲೆ ರಿಂಗಾಯಿತು, ಎತ್ತಿದೆ, ಏನೋ ಹೇಳಿ ನಕ್ಕೆ. ಕಣ್ಣು ರಸ್ತೆಯ ಮೇಲೇ ಇತ್ತು. ಇದನ್ನು ಪೊಲೀಸರಿಗೂ ಅರ್ಥಮಾಡಿಸಲು ಆಗಲಿಲ್ಲ, ನನಗೂ ಆಗುತ್ತಿಲ್ಲ. ಕಣ್ಣು ರಸ್ತೆಯ ಮೇಲಿತ್ತು, ಆದರೆ ನನಗೆ ಕಾಣುತ್ತಿದ್ದದ್ದು ಬೇರೆ. ಫೋನು ಕೈಯಿಂದ ಹಾರಿ ಕಿಟಕಿಯಾಚೆ ರಸ್ತೆಗೆ ಬಿತ್ತು, ಹಿಂದೆ ಬಂದ ಬಸ್ಸು ಅದರ ಮೇಲೆ ಹತ್ತಿತು. ಹತ್ತಿದ್ದೇ ಒಳ್ಳೆಯದಾಯಿತು. ಲೈಸೆನ್ಸನ್ನು ಕೆಲವು ತಿಂಗಳು ತಡೆಹಿಡಿದಿದ್ದಾರೆ. ಕೊಟ್ಟರೂ ಸ್ಟೀರಿಂಗ್ ಹಿಡಿಯುವ ಧೈರ್ಯ ನನಗಿಲ್ಲ. ಮನೆಮನೆಗೆ ಹೋಗಿ ನೋಡುತ್ತಿದ್ದ ಪೇಷಂಟುಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸಿದ್ದೇನೆ.

ಬೈಯಬೇಡಿ ಎಂದು ಕೇಳುವುದಿಲ್ಲ.

ಪುಟ್ಟಿ


ಫೆಬ್ರವರಿ ೧೨

ಪುಟ್ಟೀ,

ನಿನಗೆ ಏಟಾಗಿಲ್ಲ ತಾನೇ? ಅದನ್ನು ಒಂದು ಸಾಲಿನಲ್ಲಾದರೂ ಬರೆಯಬಾರದೇ? ಓದಿ ಮುಗಿಸುವಷ್ಟರಲ್ಲಿ ಅಕ್ಕ ನೀರು ತಂದುಕೊಟ್ಟಳು. ಆ ಮನುಷ್ಯನ ಕೈ ನೆನೆದರೆ ಸಂಕಟವಾಗುತ್ತದೆ. ಅವರ ಮನೆಯವರು ಏನು ಅಂದರೂ ಅನ್ನಿಸಿಕೋ.

ನಿನ್ನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಒಂದು ಕೇಳುತ್ತೇನೆ. ಯಾರವರು, ಆ ಹೊತ್ತಿನಲ್ಲಿ ನಿನಗೆ ಫೋನ್ ಮಾಡಿದವರು? ಹಗಲು ಹೊತ್ತಿನಲ್ಲಿ ನೀನು ಒಂದು ಮನೆಯಿಂದ ಇನ್ನೊಂದು ಮನೆಗೆ ಕಾರಿನಲ್ಲಿ ಓಡಾಡುತ್ತಿರುತ್ತೀಯ ಎಂದು ನಿನ್ನ ಪರಿಚಯದವರಿಗೆಲ್ಲ ಗೊತ್ತು. ಗೊತ್ತಿದ್ದೂ ಫೋನ್ ಮಾಡುತ್ತಾರೆಂದರೆ ಅವರೆಂಥ ಅವಿವೇಕಿಗಳು! ಯಾವ ದೇಶ ಮುಳುಗಿಹೋಗುತ್ತಿತ್ತು? ಅವರಿಗೆ ಈ ವಿಷಯ ಗೊತ್ತೇ? ಗೊತ್ತಾದ ಮೇಲೂ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆಯೇ? ನಂಬರ್ ಕೊಡು, ನಾನು ಮಾತಾಡುತ್ತೇನೆ. ಬಿಸಿ ಮುಟ್ಟಿಸದೆ ಬಿಡುವುದಿಲ್ಲ.

ಯಾರು, ಯಾವತ್ತು, ಏನು ಕೇಳಲು ಮಾಡಿದ್ದರು, ಎಲ್ಲ ಬರೆ.

ಅಪ್ಪ


ಫೆಬ್ರವರಿ ೨೪

ಅಪ್ಪಾ,

ನನಗೆ ಭುಜ ಸ್ವಲ್ಪ ತರಚಿತ್ತು, ವಾಸಿಯಾಗಿದೆ. ಮೊದಲೇ ಬರೆಯದಿದ್ದದ್ದು ತಪ್ಪು.

ಕಟಿಂಗ್ ಶಾಪಿನವರ ಮನೆಗೆ ಹೋಗಿದ್ದೆ. ಮೊದಲ ದಿನ ಅವರ ಹೆಂಡತಿ ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡರು. ಎರಡನೇ ಸಲವೂ ಹಾಗೇ ಆಯಿತು. ಮುಂದಿನ ಸಲ ಒಳಗಿನಿಂದ ಕಟಿಂಗ್ ಶಾಪಿನವರೇ ಕೂಗಿದರು. "ಬಿಡೇ, ಒಳಗ್ ಬರ್ಲಿ. ಮುರಿದೋರೇ ರಿಪೇರಿ ಮಾಡ್ತೀನಿ ಅಂತ ಬಂದಿದಾರೆ, ಬಿಟ್ಟಿ ಗ್ಯಾರಂಟಿ!" ಹೆಂಡತಿ ನಗಲಿಲ್ಲ. ಕುರ್ಚಿ ಮಾತ್ರ ಎಳೆದು ಹಾಕಿದರು. ಪ್ಲಾಸ್ಟರ್ ತೆಗೆದ ಮೇಲೆ ದಿನವೂ ಹೋಗಿ ವ್ಯಾಯಾಮ ಮಾಡಿಸುವುದೆಂದು ಮಾತಾಯಿತು. ಅವರು ಹೇಳುತ್ತಾರೆ, "ನಾಲಿಗೆ ಮುರಿದಿಲ್ವಲ್ಲಮ್ಮ, ಅರ್ಧ ಅಂಗಡಿ ಅದ್ರಲ್ಲೇ ನಡೀತದೆ." ನಾನು ನಗಲಿ ಎಂದೇ ಹಾಗೆ ಹೇಳುತ್ತಾರೆ ಅನಿಸುತ್ತದೆ. ಅವರು ನಗಿಸಿದಷ್ಟೂ ನನಗೆ ತಲೆ ಎತ್ತಲು ಆಗುವುದಿಲ್ಲ.

ಫೋನ್ ಮಾಡಿದವರ ಮೇಲೆ ಸಿಟ್ಟು ಬೇಡ. ಮಾಡಿದವರ ತಪ್ಪಲ್ಲ, ಎತ್ತಿದ್ದು ನಾನು. ಆ ವಿಷಯ ಇಲ್ಲಿಗೆ ಬಿಡಿ.

ಪುಟ್ಟಿ


ಮಾರ್ಚ್ ೩

ಪುಟ್ಟಮ್ಮಾ,

ನಾನು ಅತ್ತೆ. ನಿಮ್ಮಪ್ಪ ವಾಕಿಂಗ್ ಹೋಗಿದಾನೆ, ಅವನು ಬರೋದ್ರೊಳಗೆ ಇದನ್ನ ಪೋಸ್ಟ್ ಡಬ್ಬಕ್ಕೆ ಹಾಕಬೇಕು. ನಿಂಗೆ ಗೊತ್ತಲ್ಲ, ನಂಗೆ ಗ್ರಂಥದ ಭಾಷೆ ಬರಲ್ಲ, ಮಾತಾಡ್ದಂಗೇ ಬರೀತೀನಿ.

ಅವನಿಗೆ ಇನ್ನೂ ಹೊಳೆದಿಲ್ಲ. ನಂಗೆ ನಿನ್ನ ಎರಡನೇ ಕಾಗದದಲ್ಲೇ ಹೊಳೀತು. ಗುರುವಾರ ಅವನು ಫೋನ್ ಹಿಡ್ಕೊಂಡು ಕನ್ನಡಕ ಕನ್ನಡಕ ಅಂತ ಕಿರುಚ್ತಿದ್ದಾಗ ನಾನು ಪಕ್ಕದಲ್ಲೇ ಬೀನ್ಸ್ ಮುರೀತಿದ್ದೆ. ಅವತ್ತಿಂದ್ಲೇ ಅಲ್ವೇನೇ ನಿನ್ನ ಫೋನ್ ಆಫ್ ಆಗಿದ್ದು?

ನೀನು ಹೇಳ್ದೇ ಇದ್ದದ್ದು ಯಾಕೆ ಅಂತ ನಂಗೊತ್ತು. ಆದ್ರೆ ಒಂದು ಕೇಳು. ಅವನು ದಿನಾ ಅದೇ ಕಥೆ ಹೇಳ್ತಾನೆ. ಲಾಂಡ್ರೀಲಿ, ಹಾಲಿನ ಅಂಗಡೀಲಿ, ಮೆಟ್ಟಿಲ ಮೇಲೆ. ಹಣೆ ಮುಟ್ಕೊಂಡು ತೋರಿಸ್ತಾನೆ, ಎಲ್ಲಾರೂ ನಗ್ತಾರೆ. ನಾನು ಎದ್ದು ಒಳಗೆ ಹೋಗ್ತೀನಿ. ಆಮೇಲೆ ಮನೇಗ್ ಬಂದು ಆ ಫೋನ್ ಮಾಡಿದವನಿಗೆ ಶಾಪ ಹಾಕ್ತಾನೆ. ಬೇರೆಯವರ ಬಾಯಿಂದ ಅವನಿಗೆ ಗೊತ್ತಾಗೋದು ಬೇಡ ಕಣೇ. ನನ್ನ ಬಾಯಿಂದ್ಲೂ ಬೇಡ. ಅವನು ನಿನ್ನ ಮಾತಾದ್ರೆ ತಡ್ಕೋತಾನೆ.

ಮಂಡಿ ವ್ಯಾಯಾಮ ಮಾಡ್ತಿದೀನಿ. ಸುಳ್ಳಲ್ಲ. ಆಗಾಗ.

ನಿನ್ನ ಅತ್ತೆ


ಮಾರ್ಚ್ ೧೦

ಅಪ್ಪಾ,

ಕನ್ನಡಕ ಹಣೆಯ ಮೇಲಿದ್ದ ಕಥೆಯನ್ನು ಇನ್ನು ಯಾರಿಗೂ ಹೇಳಬೇಡಿ.

ನಿಮ್ಮ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಆವತ್ತೂ ಇರಲಿಲ್ಲ.

ಪುಟ್ಟಿ


ಏಪ್ರಿಲ್ ೧೪

ಪುಟ್ಟೀ,

ಈ ಕಾಗದವನ್ನು ಎಷ್ಟೋ ಸಲ ಶುರು ಮಾಡಿ ಹರಿದು ಹಾಕಿದೆ. ಅಕ್ಕ, "ಬರೀ, ಇಲ್ಲಾಂದ್ರೆ ಬಾಯಿ ಬಿಟ್ಟು ಅಳು, ಎರಡ್ರಲ್ಲಿ ಒಂದ್ ಮಾಡು, ಹೀಗ್ ಗೋಡೆ ನೋಡ್ತಾ ಕೂತ್ಕೋಬೇಡ" ಎಂದು ಗದರಿದ ಮೇಲೆ ಕೂತಿದ್ದೇನೆ.

ಆ ಸದ್ದು ನಾನು ಕೇಳಿದ್ದೆ. ನೀನು "ಹಣೆ" ಎಂದ ಕೂಡಲೇ ಒಂದು ಸದ್ದು ಬಂತು, ಆಮೇಲೆ ಏನೂ ಇಲ್ಲ. ನೆಟ್‌ವರ್ಕ್ ಎಂದುಕೊಂಡೆ. ರಿಸೀವರ್ ಇಡುವ ಸದ್ದಿನಲ್ಲೇ ಮನುಷ್ಯರನ್ನು ಅಳೆಯುತ್ತೇನೆ ಎಂದು ಜಂಬ ಕೊಚ್ಚಿಕೊಂಡವನಿಗೆ ಸ್ವಂತ ಮಗಳ ಕಾರು ಡಿಕ್ಕಿ ಹೊಡೆದ ಸದ್ದು ತಿಳಿಯಲಿಲ್ಲ. ತಿಳಿಯಲಿಲ್ಲವೋ, ತಿಳಿಯುವುದು ಬೇಡ ಎಂದು ನಾನೇ ಕಿವಿ ಮುಚ್ಚಿಕೊಂಡಿದ್ದೆನೋ, ಅದನ್ನೂ ಈಗ ಹೇಳಲಾರೆ. ಗುರುವಾರ, ಫೋನ್ ಆಫ್, ಡಿಕ್ಕಿ. ಪಕ್ಕಪಕ್ಕದಲ್ಲೇ ಬಿದ್ದಿದ್ದವು. ನಾನು ಸ್ಟೆಪ್ನಿಯ ಕೆಳಗೆ ಹುಡುಕು ಎಂದೆ.

ಎತ್ತಿದ್ದು ನಾನು ಎಂದು ಬರೆದಿದ್ದೀಯ. ಎತ್ತದೆ ಇರಲು ನಿನಗೆ ನಾನು ಕಲಿಸಿಯೇ ಇಲ್ಲವಲ್ಲ. ನಿನ್ನ ಕೈ ತಾನಾಗಿ ಹೋಗುವಂತೆ ಮಾಡಿದವನೂ ನಾನೇ, ಆವತ್ತು ರಿಂಗ್ ಮಾಡಿದವನೂ ನಾನೇ. ಒಂದು ಕನ್ನಡಕಕ್ಕೆ! ಸಿಗದಿದ್ದರೆ ಸಂಜೆವರೆಗೆ ಪೇಪರ್ ಓದುವುದು ತಪ್ಪುತ್ತಿತ್ತು, ಅಷ್ಟೇ.

ನಾನು ಆ ಅವಿವೇಕಿಗೆ ಬಿಸಿ ಮುಟ್ಟಿಸುತ್ತೇನೆ ಎಂದಿದ್ದೆ. ಮುಟ್ಟಿತು, ಮಗಳೇ.

ಮುಂದಿನ ತಿಂಗಳು ಬಸ್ಸಿನಲ್ಲಿ ಬರುತ್ತೇನೆ. ಅವರ ಮನೆಗೆ ಕರೆದುಕೊಂಡು ಹೋಗು.

ಅಪ್ಪ


ಏಪ್ರಿಲ್ ೨೨

ಅಪ್ಪಾ,

ಬನ್ನಿ. ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ.

ಕಣ್ಣು ರಸ್ತೆಯ ಮೇಲಿದ್ದರೂ ಕಾಣುತ್ತಿದ್ದದ್ದು ಬೇರೆ ಎಂದು ಬರೆದಿದ್ದೆನಲ್ಲ, ನನಗೆ ಆಗ ಕಾಣುತ್ತಿದ್ದದ್ದು ನಿಮ್ಮ ಹಣೆ. ಅದರ ಮೇಲೆ ಕನ್ನಡಕ, ಕೈಯಲ್ಲಿ ಫೋನು, ಸೋಫಾದ ದಿಂಬುಗಳನ್ನು ಎತ್ತಿ ಒಗೆಯುತ್ತಿರುವ ನೀವು. ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಎದುರಿಗೆ ಫ್ಲಾಸ್ಕ್ ಹಿಡಿದು ಬಂದ ಮನುಷ್ಯ ಕಾಣಲಿಲ್ಲ. ಫೋನ್ ಕಿವಿಯ ಹತ್ತಿರ ಇಟ್ಟುಕೊಂಡರೆ ನಾನು ನಿಮ್ಮ ಮನೆಯಲ್ಲಿರುತ್ತೇನೆ ಅಪ್ಪಾ, ಕಾರಿನಲ್ಲಿರುವುದಿಲ್ಲ. ಇದನ್ನು ಹೇಳದೆ ಇರಲು ಆಗಲಿಲ್ಲ, ಆದರೆ ನಿಮ್ಮ ಮೇಲೆ ಹೊರೆ ಹಾಕಲು ಹೇಳುತ್ತಿಲ್ಲ.

ಅವರ ಪ್ಲಾಸ್ಟರ್ ತೆಗೆದಿದ್ದಾರೆ. ಬಟ್ಟೆಗೆ ಹಾಕುವ ಕ್ಲಿಪ್ಪನ್ನು ಒತ್ತಿ ಬಿಡುವ ವ್ಯಾಯಾಮ ಕೊಟ್ಟಿದ್ದೇನೆ. ಮಣಿಕಟ್ಟು ಚೆನ್ನಾಗಿ ತಿರುಗುತ್ತದೆ. ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ, ಮುಂದೆಯೂ ಮಡಚಲಾರದು. ಅದನ್ನು ಅವರಿಗೆ ನಾನೇ ಹೇಳಿದೆ. ಅವರು ಕ್ಲಿಪ್ಪನ್ನು ಇನ್ನೊಮ್ಮೆ ಒತ್ತಿ ನೋಡಿ, "ಸರಿ ಬಿಡಮ್ಮ, ಕತ್ತರೀನೇ ದೊಡ್ದು ತಗೊಂಡ್ರಾಯ್ತು" ಎಂದರು. ಅವತ್ತು ಅವರ ಹೆಂಡತಿ ನನಗೂ ಚಹಾ ಕೊಟ್ಟರು.

ನಿಮ್ಮ
ಪುಟ್ಟಿ


ಜೂನ್ ೨

ಪುಟ್ಟೀ,

ಊರು ಸೇರಿ ವಾರವಾಯಿತು. ನನ್ನ ತಲೆ ಈಗ ಬೀದಿಗೆಲ್ಲ ತಮಾಷೆ.

ಆ ಮನುಷ್ಯ ಎಂಥವರಮ್ಮ! ನಾನು ಕೈಮುಗಿದು "ಫೋನ್ ಮಾಡಿದ್ದು ನಾನು" ಎಂದರೆ ಅವರು ನನ್ನ ಮುಖ ನೋಡಲಿಲ್ಲ, ತಲೆ ನೋಡಿದರು. "ಯಾರ್ ಸಾರ್ ನಿಮ್ಗೆ ಕಟಿಂಗ್ ಮಾಡಿದ್ದು? ಕೂತ್ಕೊಳಿ." ಕೈ ವಾಸಿಯಾದ ಮೇಲೆ ಅವರು ಕತ್ತರಿ ಹಿಡಿದ ಮೊದಲ ತಲೆ ನನ್ನದು. ಕತ್ತರಿ ಎರಡು ಸಲ ಜಾರಿ ನೆಲಕ್ಕೆ ಬಿತ್ತು. ನೀನು ಎತ್ತಿಕೊಟ್ಟೆ. ಕನ್ನಡಿಯಲ್ಲಿ ನಾವು ಮೂವರೂ ಒಬ್ಬರನ್ನೊಬ್ಬರು ನೋಡದೆ ಇದ್ದೆವು. ನನಗೆ ಕಣ್ಣು ತುಂಬಿ ಬಂದದ್ದನ್ನು ಕೂದಲು ಬಿತ್ತು ಎಂದು ಹೇಳಿ ಒರೆಸಿಕೊಂಡೆ. ಅವರು ಹಾಗೇ ನಂಬಿದಂತೆ ಮಾಡಿದರು.

ಎಡಗಿವಿಯ ಮೇಲೆ ಈಗ ಒಂದು ಮೆಟ್ಟಿಲು ಬಿದ್ದಿದೆ. ಲಾಂಡ್ರಿಯವನು ನೋಡಿದವನೇ, "ಏನ್ ಸಾರ್, ಇಲಿ ಕಡಿದಂಗಿದೆ!" ಎಂದ. ಕೂತುಕೋ ಎಂದು ಎಲ್ಲ ಹೇಳಿದೆ. ಹಣೆಯ ಕಥೆಗೆ ನಕ್ಕವನು ಅವನೇ ತಾನೇ, ಅದರ ಉಳಿದರ್ಧವನ್ನೂ ಅವನು ಕೇಳಲೇಬೇಕಿತ್ತು. ಕೇಳುತ್ತಾ ಕೇಳುತ್ತಾ ಅವನ ಮುಖ ಸಪ್ಪಗಾಯಿತು. ಬಟ್ಟೆ ತಲುಪಿಸುವ ವ್ಯಾನಿನವನಿಗೆ ಎಲ್ಲಿದ್ದೀಯಾ, ಎಲ್ಲಿದ್ದೀಯಾ ಎಂದು ಇವನು ದಿನವಿಡೀ ಫೋನ್ ಮಾಡುತ್ತಲೇ ಇರುತ್ತಾನೆ. ಈಗ ವ್ಯಾನಿನವನೇ ಪ್ರತಿ ಮನೆ ಮುಂದೆ ಗಾಡಿ ನಿಲ್ಲಿಸಿ ಇವನಿಗೆ ಮಾಡುವುದೆಂದು ಗೊತ್ತುಮಾಡಿಕೊಂಡಿದ್ದಾರೆ. ಎದುರುಮನೆಯಾಕೆ ಗಂಡ ಸ್ಕೂಟರಿನಲ್ಲಿರುವಾಗ ಫೋನಿನಲ್ಲಿ ತರಕಾರಿ ಪಟ್ಟಿ ಓದುತ್ತಿದ್ದಳು, ಈಗ ಬೆಳಿಗ್ಗೆಯೇ ಚೀಟಿ ಬರೆದು ಕೊಡುತ್ತಾಳೆ.

ಗಾಡಿ ಓಡಿಸುವವರಿಗೆ ಬುದ್ಧಿ ಹೇಳಲು ಊರೆಲ್ಲ ಬೋರ್ಡುಗಳಿವೆ ಪುಟ್ಟೀ. ಮನೆಯಲ್ಲಿ ಕೂತು ಫೋನ್ ಮಾಡುವ ನಮಗೆ ಯಾರೂ ಹೇಳಲೇ ಇಲ್ಲ. ಪ್ರೀತಿಯಿಂದ ಮಾಡುತ್ತೇವಲ್ಲ, ಅದರಿಂದ ಕೆಡುಕಾದೀತು ಎಂದು ತೋರುವುದೇ ಇಲ್ಲ. ನಾನೀಗ ಯಾರಿಗೆ ಫೋನ್ ಮಾಡಿದರೂ ಹಲೋ ಅನ್ನುವುದಿಲ್ಲ, "ಗಾಡೀಲಿದೀರಾ?" ಎಂದು ಕೇಳುತ್ತೇನೆ. ಹೌದು ಎಂದರೆ ಇಟ್ಟುಬಿಡುತ್ತೇನೆ. ಮೊನ್ನೆ ಗೊತ್ತಿಲ್ಲದೆ ಬ್ಯಾಂಕಿನ ಮ್ಯಾನೇಜರಿಗೂ ಹಾಗೇ ಕೇಳಿ ಆಯಿತು. ಹಾಲಿನ ಅಂಗಡಿಯಲ್ಲಿ ನನಗೆ ಗಾಡಿ ತಾತ ಎಂದು ಹೆಸರಿಟ್ಟಿದ್ದಾರೆ.

ನಿನ್ನ ಲೈಸೆನ್ಸ್ ವಾಪಸ್ ಬಂತು ಎಂದೆ. ಓಡಿಸು ಎಂದಾಗಲಿ ಬೇಡ ಎಂದಾಗಲಿ ನಾನು ಹೇಳುವುದಿಲ್ಲ. ಆದರೆ ನಿನ್ನನ್ನು ಕಾಯುತ್ತಾ ಹಾಸಿಗೆ ಹಿಡಿದ ಪೇಷಂಟುಗಳಿದ್ದಾರೆ. ಓಡಿಸುವುದಾದರೆ ಒಂದು ಮಾತು. ಫೋನು ಡಿಕ್ಕಿಯಲ್ಲಿರಲಿ. ಆ ಡಿಕ್ಕಿಯಲ್ಲಿ.

ಮೆಟ್ಟಿಲು ತಲೆಯ,
ಅಪ್ಪ


ಜುಲೈ ೧೩

ಅಪ್ಪಾ,

ಮನೆಗೆ ವಾಪಸ್ ತಲುಪಿದೆ. ಮೊದಲು ಇದನ್ನೇ ಬರೆಯಬೇಕು ಅನಿಸಿತು. ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ನಾನು ತಲುಪಿ ಎಷ್ಟೋ ದಿನವಾಗಿರುತ್ತದೆ, ಆದರೂ.

ಹೊಸ ಫೋನ್ ತೆಗೆದುಕೊಂಡ ಮೇಲೆ ಮೊನ್ನೆ ನಿಮ್ಮಲ್ಲಿಗೆ ಬಂದದ್ದೇ ಮೊದಲ ಪ್ರಯಾಣ. ಊಟದ ಹೊತ್ತಿಗೆ ಬರುತ್ತೇನೆ ಎಂದಿದ್ದೆ. ಸೇತುವೆ ರಿಪೇರಿ ಎಂದು ಸುತ್ತು ದಾರಿಯಲ್ಲಿ ಕಳಿಸಿದರು, ಅಲ್ಲಿ ಲಾರಿಗಳ ಸಾಲು. ಫೋನು ಡಿಕ್ಕಿಯಲ್ಲಿ, ಚಾಪೆಯ ಕೆಳಗಿತ್ತು. ಇಳಿದು ತೆಗೆಯಲು ಜಾಗವಿರಲಿಲ್ಲ. ನೀವು ಏನಾಗಿರುತ್ತೀರಿ ಎಂದು ನನಗೆ ಗೊತ್ತಿತ್ತು. ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು, ನೀವು ಮೆಟ್ಟಿಲ ಮೇಲೆ ಕೂತಿದ್ದಿರಿ. "ಬಂದ್ಯಾ?" ಎಂದಿರಿ, ಅಷ್ಟೇ. ಯಾಕೆ ತಡ ಎಂದೂ ಕೇಳಲಿಲ್ಲ. ನಿಮ್ಮ ಶರ್ಟು ಬೆನ್ನಿಗೆ ಅಂಟಿತ್ತು.

ಉಳಿದದ್ದನ್ನು ಅತ್ತೆ ಅಡುಗೆಮನೆಯಲ್ಲಿ ಹೇಳಿದರು. "ಊಟ ಮುಟ್ಟಿಲ್ಲ ಕಣೇ. ಕಿಟಕಿಗೂ ಮೆಟ್ಟಿಲಿಗೂ ಓಡಾಡಿದ. ಫೋನ್ ಎತ್ತೋನು, ನಿನ್ ನಂಬರ್ ಒತ್ತೋನು, ರಿಂಗ್ ಆಗೋಕ್ ಮುಂಚೆ ಇಡೋನು. ಕೊನೇಗೆ ಅದನ್ನ ತಗೊಂಡ್ ಹೋಗಿ ಲಾಂಡ್ರಿಯವನ ಕೈಗ್ ಕೊಟ್ಟು, ನಾನ್ ಕೇಳಿದ್ರೂ ಕೊಡ್ಬೇಡ, ನನ್ ಮಗಳು ದಾರೀಲಿದಾಳೆ ಅಂದ. ಆಮೇಲ್ ಬರಿಗೈಲಿ ಬಂದು ಮೆಟ್ಲ ಮೇಲೆ ಕೂತ."

ನಾನು ಚೀಲ ತರುತ್ತೇನೆ ಎಂದು ಕೆಳಗೆ ಹೋಗಿ ಅಷ್ಟು ಹೊತ್ತು ಮಾಡಿದೆನಲ್ಲ, ಚೀಲ ಸಿಗದೆ ಅಲ್ಲ. ಡಿಕ್ಕಿ ತೆಗೆದು ಫೋನ್ ನೋಡುತ್ತಾ ನಿಂತಿದ್ದೆ. ಚಿಕ್ಕಂದಿನಿಂದ ನೀವು ಮಾಡಿದ ಫೋನುಗಳಲ್ಲಿ ನಿಮ್ಮ ಪ್ರೀತಿ ನನಗೆ ಗೊತ್ತಿತ್ತು. ಆದರೆ ಇಷ್ಟಿದೆ ಎಂದು ಗೊತ್ತಾದದ್ದು ಆಗ.

ಒಂದೂ ಮಿಸ್ಡ್ ಕಾಲ್ ಇರಲಿಲ್ಲ ಅಪ್ಪಾ.

ನಿಮ್ಮ
ಪುಟ್ಟಿ